ಭಾವ ಹುಡುಕುತ್ತಿದ್ದ ತಪ್ಪು

"ಸಣ್ಣೀ, ನಿನ್ನ ಭಾವನಿಗೆ ತಪ್ಪು ಸಿಕ್ಕಿತಂತೆ ಕಣೇ!" ಎಂದು ಅಕ್ಕ ಫೋನಿನಲ್ಲಿ ಕೂಗಿದ ರಭಸಕ್ಕೆ ಸಣ್ಣಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯಬೇಕಾಯಿತು. "ಬೆಳಿಗ್ಗೆ ಆರಕ್ಕೇ ಎದ್ದು ಗಡ್ಡ ಬೋಳಿಸಿಕೊಂಡಿದ್ದಾರೆ. ಇಸ್ತ್ರಿ ಶರ್ಟು ಹಾಕ್ಕೊಂಡು ಕೂತಿದ್ದಾರೆ, ಮದುವೆಗೆ ಹೊರಟವರ ಥರ. ನೀನು ಬಂದು ನೋಡಿ ಹೂಂ ಅಂದ್ರೆ ಮುಗೀತಂತೆ. ಮಧ್ಯಾಹ್ನ ಬಂದುಬಿಡೇ."

ತಪ್ಪು ಸಿಕ್ಕಿತು ಅಂತ ಹಿಗ್ಗುವ ಮನೆ ಈ ಲೋಕದಲ್ಲಿ ಅದೊಂದೇ ಇರಬೇಕು. ಅಕ್ಕನ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಆರು ವರ್ಷವಾಗಿತ್ತು. ಸಣ್ಣಿಯೂ ಸಂತೋಷಪಡಬೇಕಾಗಿತ್ತು. ಆದರೆ ಆಗಲಿಲ್ಲ. ಯಾಕೆ ಅಂತೀರಾ? ಭಾವನಿಗೆ ಸಿಕ್ಕಿದ್ದು ಆ ತಪ್ಪಲ್ಲ ಎಂದು ಅವಳಿಗೆ ನೋಡದೆಯೇ ಗೊತ್ತಿತ್ತು. ಅದು ಅವರ ಕಾಗದಗಳಲ್ಲಿ ಇರಲೇ ಇಲ್ಲ. ಅದನ್ನು ಮಾಡಿದವಳು ಸಣ್ಣಿ.

ಇರಲಿ, ಮೊದಲಿಂದ ಹೇಳುತ್ತೇನೆ. ಹುಟ್ಟುವಾಗ ಅಂಗೈಯಷ್ಟಿದ್ದಳು ಅಂತ ಸಣ್ಣಿ ಎಂದು ಕರೆದರು. ಈಗ ನಲವತ್ತೊಂದಾಗಿ, ಯಾವ ಕಡೆಯಿಂದ ನೋಡಿದರೂ ಸಣ್ಣಗಿಲ್ಲ, ಆದರೂ ಹೆಸರು ಬಿಟ್ಟುಹೋಗಲಿಲ್ಲ. ಓದುವಾಗ ಅಕ್ಕನ ಮನೆಯಲ್ಲೇ ಇದ್ದಳು. ಕಂಪ್ಯೂಟರಿನ ಮುಂದೆ ಕೂರಿಸಿ ಮೊದಲ ಪ್ರೋಗ್ರಾಂ ಬರೆಸಿದ್ದು ಭಾವ. "ಯಂತ್ರಕ್ಕೆ ಮುಲಾಜಿಲ್ಲ ಸಣ್ಣಿ. ನೀನು ಹೇಳಿದ್ದನ್ನ ಮಾಡುತ್ತೆ, ನಿನ್ನ ಮನಸ್ಸಲ್ಲಿದ್ದದ್ದನ್ನಲ್ಲ" ಎಂದು ದಿನಕ್ಕೆ ಮೂರು ಸಲ ಹೇಳಿಕೊಟ್ಟವರು. ಆಮೇಲೆ ಇಬ್ಬರೂ ಒಂದೇ ಕಂಪನಿಯಲ್ಲಿ, ಒಂದೇ ಮಹಡಿಯಲ್ಲಿ, ಪಾರ್ಸೆಲ್ಲುಗಳನ್ನು ವಿಂಗಡಿಸುವ ಯಂತ್ರಗಳ ಮೇಲೆ ಕೆಲಸ ಮಾಡಿದರು. ಉದ್ದನೆಯ ಬೆಲ್ಟು, ಮೇಲೊಂದು ಕ್ಯಾಮೆರಾ. ಕ್ಯಾಮೆರಾ ಪ್ರತಿ ಪೊಟ್ಟಣದ ವಿಳಾಸವನ್ನು ತಾನೇ ಓದಿ, ದಾಖಲೆಗೆ ಒಂದು ಚಿತ್ರ ತೆಗೆದಿಡುತ್ತದೆ, ಬೆಲ್ಟು ಆ ಪೊಟ್ಟಣವನ್ನು ತಕ್ಕ ಬುಟ್ಟಿಗೆ ತಳ್ಳುತ್ತದೆ.

ಭಾವ ಬರೆಯುತ್ತಿದ್ದುದು ಡ್ರೈವರ್, ಅಂದರೆ ಕ್ಯಾಮೆರಾಕ್ಕೆ ಹೇಗೆ ಏನು ಅಂತ ಆಜ್ಞೆ ಕೊಡುವ ಪ್ರೋಗ್ರಾಂ. ಇದು ತಿಳಿಯದ ನೆಂಟರೊಬ್ಬರು ಮನೆ ಬದಲಾಯಿಸುವಾಗ, "ಹೇಗೂ ಡ್ರೈವರ್ ಕೆಲಸದಲ್ಲಿದ್ದೀರಲ್ಲ, ಭಾನುವಾರ ಲಾರಿ ಓಡಿಸ್ತೀರಾ?" ಎಂದು ಕೇಳಿದ್ದರು. ಭಾವ ಬೇಜಾರಿಲ್ಲದೆ ಹೋಗಿ ಲಾರಿಗೆ ಸಾಮಾನು ಹೇರಿಕೊಟ್ಟು ಬಂದರು. ಅಂಥ ಮನುಷ್ಯ.

ಸಣ್ಣಿಯದು ಹುಸಿ ಯಂತ್ರ ಕಟ್ಟುವ ಕೆಲಸ. ನಿಜವಾದ ಯಂತ್ರ ತಯಾರಾಗಿ ಬರುವುದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಪ್ರೋಗ್ರಾಂ ಬರೆದವರು ಎಲ್ಲಿ ಪರೀಕ್ಷಿಸಬೇಕು? ಅದಕ್ಕಾಗಿ ಥೇಟು ಅದರಂತೆಯೇ ನಡೆದುಕೊಳ್ಳುವ ಇನ್ನೊಂದು ಯಂತ್ರವನ್ನು ಕಂಪ್ಯೂಟರಿನ ಒಳಗೇ ಕಟ್ಟುತ್ತಾರೆ. ವರ್ಚುವಲ್ ಮಷೀನ್ ಅನ್ನುವುದು ಪುಸ್ತಕದ ಹೆಸರು. ಆಫೀಸಿನಲ್ಲಿ ಎಲ್ಲರೂ ಡಮ್ಮಿ ಅನ್ನುತ್ತಿದ್ದರು, ಅವಳನ್ನು ಡಮ್ಮಿ ಮೇಡಂ. ಡಮ್ಮಿಯಲ್ಲಿ ಮೂರು ವಾರ ಓಡಿದ ಪ್ರೋಗ್ರಾಂ ನಿಜವಾದ ಯಂತ್ರದಲ್ಲೂ ಓಡುತ್ತದೆ ಎಂಬ ನಂಬಿಕೆಯ ಮೇಲೆ ಆ ಇಡೀ ಮಹಡಿ ನಿಂತಿತ್ತು.

ಇನ್ನೊಂದು ವಿಷಯ ಹೇಳಿದರೆ ನಿಮಗೆ ಎಲ್ಲ ಗೊತ್ತಾಗುತ್ತದೆ. ಕ್ಯಾಮೆರಾ, ಬೆಲ್ಟು ಇಂಥವು ಯಾರನ್ನೂ ಕೇಳದೆ ಯಂತ್ರದ ಮೆಮೊರಿಗೆ ತಾವೇ ಬರೆಯುತ್ತವೆ, ಅಲ್ಲಿಂದ ಓದುತ್ತವೆ. ಬಿಟ್ಟರೆ ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುತ್ತಾರೆ. ಅದಕ್ಕೆ ನಡುವೆ ಒಬ್ಬ ಬಾಗಿಲು ಕಾಯುವವನನ್ನು ಇಟ್ಟಿರುತ್ತಾರೆ. ಅವನ ಹತ್ತಿರ ಪ್ರತಿ ಸಾಧನಕ್ಕೂ ಒಂದು ಪಟ್ಟಿ. ಕ್ಯಾಮೆರಾ ಬಂದು "ನೂರನೇ ಮನೆಗೆ ಹೋಗಬೇಕು" ಅಂದರೆ, ಅವನು ಕ್ಯಾಮೆರಾದ ಪಟ್ಟಿ ತೆಗೆದು ನೋಡಿ, ನಿನ್ನ ನೂರನೇ ಮನೆ ನಿಜವಾಗಿ ಇರುವುದು ಇಂಥಲ್ಲಿ ಎಂದು ಕಳಿಸುತ್ತಾನೆ. ಬೆಲ್ಟು ಬಂದು ಅದೇ ನೂರನೇ ಮನೆ ಕೇಳಿದರೆ ಬೇರೆ ಕಡೆಗೆ ಕಳಿಸುತ್ತಾನೆ. ಇದಕ್ಕೆ ಟ್ರಾನ್ಸ್‌ಲೇಷನ್ ಅನ್ನುತ್ತಾರೆ. ಯಾವ ಸಾಧನಕ್ಕೆ ಯಾವ ಪಟ್ಟಿ ಎಂದು ಬಾಗಿಲಿನವನಿಗೆ ತಿಳಿಸುವ ಕಡತ ಬರೆಯುವುದು ಸಣ್ಣಿಯ ಜವಾಬ್ದಾರಿ. ಡಮ್ಮಿಗೂ ಅದೇ ಕಡತ, ನಿಜವಾದ ಯಂತ್ರಕ್ಕೂ ಅದೇ.

ಡಮ್ಮಿಯಲ್ಲಿ ಈ ಬಾಗಿಲಿನವನ ದೆಸೆಯಿಂದ ಎಲ್ಲವೂ ಬಸವನಹುಳು. ಪ್ರತಿಯೊಂದು ಚಿತ್ರಕ್ಕೂ ಪಟ್ಟಿ ತೆಗೆಯಬೇಕು, ನೋಡಬೇಕು, ಬಿಡಬೇಕು. ಮೇಲಿನವರಿಗೆ ತೋರಿಸುವ ದಿನ ಹತ್ತಿರ ಬಂದಿತ್ತು. ಪರದೆಯ ಮೇಲೆ ಬೆಲ್ಟು ಕುಂಟುತ್ತಿತ್ತು. ಮ್ಯಾನೇಜರು ಅವಳ ಕುರ್ಚಿಯ ಹಿಂದೆ ನಿಂತು, "ಏನ್ರೀ ಇದು, ಪಾರ್ಸೆಲ್ಲು ನಡ್ಕೊಂಡು ಹೋದ್ರೂ ಇದಕ್ಕಿಂತ ಬೇಗ ತಲುಪುತ್ತೆ" ಅಂದ. ಸಣ್ಣಿ ಎರಡು ದಿನಕ್ಕೆ ಅಂತ ಬಾಗಿಲಿನವನಿಗೆ ರಜೆ ಕೊಟ್ಟಳು. ಡಮ್ಮಿಯನ್ನು ಶುರು ಮಾಡುವ ಆಜ್ಞೆಯಲ್ಲಿ ಬೈಪಾಸ್ ಎಂಬ ಒಂದು ಪದ ಸೇರಿಸಿದರಾಯಿತು, ಸಾಧನಗಳಿಗೆ ಮೊದಲೇ ನಿಜವಾದ ವಿಳಾಸ ಸಿಗುತ್ತದೆ, ಅವು ಅಲ್ಲಿಗೆ ನೇರ ಹೋಗುತ್ತವೆ, ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಬೆಲ್ಟು ಜಿಂಕೆಯಂತೆ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪದವನ್ನು ತೆಗೆಯುವುದು ಮರೆತೇಹೋಯಿತು.

ಬರಿಯ ಮರೆವಾಗಿದ್ದರೆ ಪರವಾಗಿರಲಿಲ್ಲ. ಆಮೇಲೆ ಪಟ್ಟಿಗಳ ಕಡತವನ್ನು ಮತ್ತೆ ಬರೆಯುವಾಗ ಅವಳು ಬೆಲ್ಟಿನ ಸಾಲನ್ನೇ ನಕಲು ಮಾಡಿ ಕೆಳಗೆ ಅಂಟಿಸಿ, ಕ್ಯಾಮೆರಾ ಎಂದು ಹೆಸರು ಬದಲಾಯಿಸಿದ್ದಳು. ಪಟ್ಟಿಯ ಸಂಖ್ಯೆ ಬದಲಾಯಿಸಲಿಲ್ಲ. ಹದಿನಾರು ಅಂತಲೇ ಉಳಿಯಿತು, ಹದಿನೇಳು ಆಗಬೇಕಿತ್ತು. ಅಂದರೆ ಭಾವನ ಡ್ರೈವರ್ ಕ್ಯಾಮೆರಾದ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ವಿಳಾಸ ಬರೆಸಿಟ್ಟರೂ, ಕ್ಯಾಮೆರಾ ಬಂದಾಗ ಬಾಗಿಲಿನವನು ತೆಗೆಯುವುದು ಬೆಲ್ಟಿನ ಪಟ್ಟಿಯನ್ನು. ಡಮ್ಮಿಯಲ್ಲಿ ಅವನು ರಜೆಯ ಮೇಲಿದ್ದನಲ್ಲ, ಹಾಗಾಗಿ ಮೂರು ವಾರವೂ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಭಾವ ಕೇಳಿದ್ದರು. ಅದನ್ನು ಸಣ್ಣಿ ಈಗಲೂ ಮರೆತಿಲ್ಲ. ಆಫೀಸಿನ ಓಣಿಯಲ್ಲಿ ನೀರಿನ ಫಿಲ್ಟರಿನ ಹತ್ತಿರ, ಕೈಯಲ್ಲಿ ಕಾಗದದ ಲೋಟ ಹಿಡಿದು, "ಸಣ್ಣಿ, ಟ್ರಾನ್ಸ್‌ಲೇಷನ್ ಆನ್ ಇಟ್ಟೇ ಓಡಿಸಿದ್ದೀಯ ತಾನೇ?" ಎಂದು ಕೇಳಿದರು. "ಹೂಂ ಭಾವ, ಆನ್ ಇದೆ" ಅಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತಲೆಯಲ್ಲಿ ಬೇರೇನೋ ಓಡುತ್ತಿತ್ತು, ಬಾಯಿ ತನ್ನ ಪಾಡಿಗೆ ಹೂಂ ಅಂದಿತು. ಅವರು ಲೋಟ ಬುಟ್ಟಿಗೆ ಹಾಕಿ ಹೋದರು.

ನಿಜವಾದ ಯಂತ್ರ ಒಂದು ವಿಂಗಡಣೆ ಅಂಗಳದಲ್ಲಿ ಶುರುವಾದ ಎಂಟನೇ ದಿನ, ಮಂಗಳವಾರ ಬೆಳಿಗ್ಗೆ, ಬೆಲ್ಟು ಇದ್ದಕ್ಕಿದ್ದಂತೆ ಹಿಂದಕ್ಕೆ ಎಳೆಯಿತು. ಪೆಟ್ಟಿಗೆ ಎತ್ತಲು ಬಾಗಿದ್ದ ಕೆಲಸದ ಹೆಂಗಸೊಬ್ಬಳ ಬಲಗೈ ಸಿಕ್ಕಿಕೊಂಡು ಮಣಿಕಟ್ಟು ಮುರಿಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಮೂಳೆ ಕೂಡಿಕೊಂಡ ಮೇಲೂ ಭಾರ ಎತ್ತುವ ಕೆಲಸ ಆ ಕೈಗೆ ಆಗಲಿಲ್ಲವಂತೆ.

ಯಂತ್ರದ ಮೆಮೊರಿ ತೆಗೆದು ನೋಡಿದರು. ಬೆಲ್ಟಿಗೆ ಆಜ್ಞೆಗಳಿರಬೇಕಾದ ಜಾಗದಲ್ಲಿ ಚಿತ್ರದ ಚೂರುಗಳಿದ್ದವು. ಒಂದು ಪೆಟ್ಟಿಗೆಯ ಮೂಲೆ, ಅರ್ಧ ಲೇಬಲ್ಲು, ಯಾರದೋ ದುಂಡು ಅಕ್ಷರದ ನಾಲ್ಕು ಸಾಲು. "ಕ್ಯಾಮೆರಾ ಎಲ್ಲಿ ಬರೀಬೇಕು ಅಂತ ಹೇಳೋರು ಯಾರು?" ಎಂದು ಮ್ಯಾನೇಜರು ಕೇಳಿದ. "ಡ್ರೈವರ್" ಅಂದರು ಯಾರೋ. ಮುಗಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಆ ಮ್ಯಾನೇಜರು. ಎಲ್ಲರ ಕಣ್ಣೂ ಭಾವನ ಕಡೆ ತಿರುಗಿತು. ಭಾವ, "ಹಾಗಿದ್ರೆ ನಂದೇ ಇರಬೇಕು. ನೋಡ್ತೀನಿ" ಅಂದರು.

ಅದೇ ಮಧ್ಯಾಹ್ನ ಮೂರು ಗಂಟೆಗೆ ಸಣ್ಣಿ ತನ್ನ ಕಡತ ತೆರೆದಳು. ಹದಿನಾರು, ಹದಿನಾರು. ಒಂದರ ಕೆಳಗೊಂದು, ಕಣ್ಣಿಗೆ ಹೊಡೆಯುವ ಹಾಗೆ. ಎರಡನೆಯದನ್ನು ಹದಿನೇಳು ಮಾಡಿದಳು. ಬೈಪಾಸ್ ತೆಗೆದಳು. ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ 'ಸಣ್ಣಪುಟ್ಟ ತಿದ್ದುಪಡಿ' ಎಂದು ಬರೆದಳು. ಎದ್ದು ಭಾವನ ಮೇಜಿನವರೆಗೂ ಹೋದಳು. ಅವರು ತಲೆ ತಗ್ಗಿಸಿ ಕೋಡು ಓದುತ್ತಿದ್ದರು. ಸುತ್ತ ನಾಲ್ಕು ಜನ ನಿಂತಿದ್ದರು. ಇವರೆಲ್ಲ ಹೋಗಲಿ, ಆಮೇಲೆ ಹೇಳೋಣ ಅಂದುಕೊಂಡು ವಾಪಸು ಬಂದಳು. ಸಂಜೆ, ನಾಳೆ ಅಂದುಕೊಂಡಳು. ನಾಳೆ, ನಾಡಿದ್ದು ಅಂದುಕೊಂಡಳು. ಹೇಡಿತನ ಅಂತ ಬೇರೆ ಏನೂ ಇಲ್ಲ, ಹೀಗೆ ಒಂದೊಂದೇ ದಿನ ಮುಂದಕ್ಕೆ ಹಾಕುವುದೇ.

ಭಾವ ನಾಲ್ಕು ದಿನ ಕೂತು ಡ್ರೈವರಿನ ಅರ್ಧವನ್ನು ಹೊಸದಾಗಿ ಬರೆದರು. ತಪ್ಪು ಎಲ್ಲಿದೆ ಅಂತ ಅವರಿಗೆ ಗೊತ್ತಾಗಿರಲಿಲ್ಲ. ಅನುಮಾನ ಬಂದದ್ದನ್ನೆಲ್ಲ ಕಿತ್ತು ಕಟ್ಟಿದರು. ಆ ಹೊಸ ಡ್ರೈವರು, ಸಣ್ಣಿಯ ಸಣ್ಣಪುಟ್ಟ ತಿದ್ದುಪಡಿ, ಎರಡೂ ಒಂದೇ ಕಂತಿನಲ್ಲಿ ಅಂಗಳಕ್ಕೆ ಹೋದವು. ಯಂತ್ರ ಗಡಿಯಾರದ ಹಾಗೆ ನಡೆಯಿತು. ಇನ್ನೇನು ಸಾಕ್ಷಿ ಬೇಕು? ಹಳೇ ಡ್ರೈವರಿದ್ದಾಗ ಕೆಟ್ಟಿತ್ತು, ಹೊಸದು ಹಾಕಿದ ಮೇಲೆ ಸರಿಹೋಯಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಇಲ್ಲಿ ಕೋತಿ ಒರೆಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಮೇಕೆಯೇ ಬಂದು ಬಾಯಿ ಒಡ್ಡಿತು.

ಯಾರೂ ಹೋಗು ಅನ್ನುವ ಮೊದಲೇ ಭಾವ ರಾಜೀನಾಮೆ ಬರೆದುಕೊಟ್ಟರು. ಇಪ್ಪತ್ತೆರಡು ವರ್ಷ ಗಳಿಸಿದ ಹೆಸರು ಒಂದು ವಾರದಲ್ಲಿ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೇರೆ ಕಡೆಯವರು ಕರೆದರೂ ಹೋಗಲಿಲ್ಲ. "ಏನು ತಪ್ಪು ಮಾಡಿದೆ ಅಂತ ಗೊತ್ತಿಲ್ಲದೋನು ಅದನ್ನ ಮತ್ತೆ ಮಾಡಲ್ಲ ಅಂತ ಹೇಗೆ ಹೇಳ್ಲಿ? ಅದು ಸಿಗೋವರೆಗೂ ನಾನು ಇನ್ನೊಬ್ಬರ ಯಂತ್ರ ಮುಟ್ಟಲ್ಲ" ಅಂದರು. ಅಂದದ್ದೇ ಆಯಿತು. ಹಳೆಯ ಡ್ರೈವರಿನ ಮುದ್ರಿತ ಕಾಗದ ಒಂದು ಕಂತೆ, ಹೊಸದರದು ಒಂದು ಕಂತೆ, ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಅಡಿಕೋಲು ಹಿಡಿದು ಸಾಲು ಸಾಲಾಗಿ ಓದತೊಡಗಿದರು. ಇದು ಕೆಟ್ಟಿತ್ತು, ಅದು ಸರಿಯಾಯಿತು, ಅಂದಮೇಲೆ ವ್ಯತ್ಯಾಸ ಈ ಎರಡರ ನಡುವೆಯೇ ಇರಬೇಕಲ್ಲ? ಅವರ ತರ್ಕದಲ್ಲಿ ಲೋಪವೇ ಇರಲಿಲ್ಲ. ಆರು ವರ್ಷ ಆ ಮನೆಯವರು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಊಟ ಮಾಡಿದರು.

ಸಣ್ಣಿ ವಾರ ಬಿಟ್ಟು ವಾರ ಶನಿವಾರ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದಳು. ಭಾವ ಪ್ರತಿ ಸಲವೂ ಒಂದು ಪುಟ ಮುಂದಿಡುತ್ತಿದ್ದರು. "ಇಲ್ಲಿ ನೋಡು, ಈ ಮೆಮೊರಿ ಬೀಗ ಬಿಡೋದು ತಡ ಆಯ್ತೇನೋ?" ಅವಳು ಓದಿ, "ಇಲ್ಲ ಭಾವ, ಇದು ಸರಿಯಾಗೇ ಇದೆ" ಅನ್ನುತ್ತಿದ್ದಳು. ನಿಜವನ್ನೇ ಹೇಳುತ್ತಿದ್ದಳು. ಆರು ವರ್ಷ ಆ ಮನೆಯಲ್ಲಿ ಅವಳು ಆಡಿದ ಮಾತೆಲ್ಲ ನಿಜವೇ; ಆಡದೆ ಉಳಿಸಿಕೊಂಡದ್ದು ಒಂದೇ ಒಂದು. ದಾರಿಯುದ್ದಕ್ಕೂ ಇವತ್ತು ಹೇಳಿಬಿಡುತ್ತೇನೆ ಎಂದು ಹೋಗುವುದು, ಬರುವಾಗ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳುತ್ತಾ ಬರುವುದು. ಅವಳು ಆ ಕಂಪನಿಯನ್ನು ಬಿಟ್ಟಿದ್ದೂ ಆಗಿತ್ತು. ಕಂಪನಿ ಬಿಟ್ಟರೆ ತಪ್ಪು ಬಿಡುತ್ತದೆಯೇ?

ಹೀಗಿರುವಾಗ ಆ ಶನಿವಾರ ಅಕ್ಕನ ಫೋನು.

ಮಧ್ಯಾಹ್ನ ಎರಡು ಮಹಡಿ ಹತ್ತಿ ಹೋದಾಗ ಬಾಗಿಲು ತೆರೆದೇ ಇತ್ತು. ಅಕ್ಕ ಅವಳ ಕೈ ಹಿಡಿದು ಸೀದಾ ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಪಿಸುಗುಟ್ಟಿದಳು.

"ಕೇಳಿಲ್ಲಿ. ಲಿಫ್ಟುಗಳ ಕಂಟ್ರೋಲರ್ ರಿಪೇರಿ ಮಾಡೋ ಒಂದು ಕಡೆಯಿಂದ ಕರೆದಿದ್ದಾರೆ. ಸೋಮವಾರದಿಂದ ಬರ್ತೀನಿ ಅಂತ ಹೇಳಿದ್ದಾರೆ ಇವರು. ಹೇಳಿದ್ದಾರೆ ಕಣೇ, ಅವರ ಬಾಯಿಂದಾನೇ! ನೀನು ನೋಡಿ ಹೂಂ ಅನ್ನು. ಸರಿಯೋ ತಪ್ಪೋ ನಂಗೊತ್ತಿಲ್ಲ, ನಂಗೆ ಬೇಕಾಗೂ ಇಲ್ಲ. ಹೂಂ ಅನ್ನು, ಅಷ್ಟೇ."

"ಅಕ್ಕಾ..."

"ನಿನ್ನ ಕಾಲಿಗೆ ಬೀಳ್ತೀನಿ. ಆರು ವರ್ಷದಿಂದ ನಾನು ಈ ಮನುಷ್ಯನ ಬೆನ್ನು ನೋಡ್ಕೊಂಡೇ ಊಟ ಮಾಡ್ತಿದೀನಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಲ್ಲಿ ನಿಲ್ಲಿಸಿದಳು. ಸಣ್ಣಿ ಹೊರಗೆ ಬಂದಳು.

ಭಾವ ನಿಜಕ್ಕೂ ಮದುವೆಗೆ ಹೊರಟವರ ಥರವೇ ಇದ್ದರು. ಕೆನ್ನೆಯ ಮೇಲೆ ಬ್ಲೇಡು ತಾಗಿದ ಒಂದು ಸಣ್ಣ ಗೀರು. "ಬಾ ಬಾ ಡಮ್ಮಿ ಮೇಡಂ, ಕೂತ್ಕೋ" ಅಂದರು. ಆ ಹೆಸರನ್ನು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ! ಕುರ್ಚಿ ಎಳೆದುಕೊಟ್ಟು, ಹಳೆಯ ಕಂತೆಯಲ್ಲಿ ಒಂದು ಪುಟ ತೆರೆದು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ ಸಾಲಿನ ಮೇಲೆ ಬೆರಳಿಟ್ಟರು.

"ನೋಡು. ಇಲ್ಲಿ 'ಕಡಿಮೆ ಅಥವಾ ಸಮ' ಅಂತ ಬರೆದಿದ್ದೀನಿ. ಹೊಸದರಲ್ಲಿ ಬರೀ 'ಕಡಿಮೆ'. ಚಿತ್ರಗಳು ಕಾಯೋ ಜಾಗ ಪೂರ್ತಿ ತುಂಬಿದಾಗ ಇದು ಇನ್ನೂ ಒಂದಕ್ಕೆ ಜಾಗ ಇದೆ ಅನ್ಕೊಳ್ಳುತ್ತೆ. ಆ ಒಂದು ಚಿತ್ರ ಆಚೆ ಹೋಗಿ ಬೀಳುತ್ತೆ. ಬೆಲ್ಟಿನ ಮೇಲೆ! ಸಾವಿರ ಸಲ ಓದಿದೀನಿ ಸಣ್ಣಿ, ಸಾವಿರ ಸಲ. ಕಣ್ಣೆದುರೇ ಇತ್ತು."

ಸಣ್ಣಿ ನೋಡಿದಳು. ಹನ್ನೊಂದು ಸಾಲು ಮೇಲೆ ಇನ್ನೊಂದು ತಪಾಸಣೆ ಇತ್ತು. ಜಾಗ ತುಂಬಿದ್ದರೆ ಚಿತ್ರವನ್ನು ಅಲ್ಲಿಂದಲೇ ವಾಪಸು ಕಳಿಸುತ್ತಿತ್ತು. ಈ ಕೆಂಪು ಸುತ್ತಿನವರೆಗೆ ಅದು ಬರುವ ಹಾಗೇ ಇರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಅನ್ನುತ್ತಾರೆ. ಇಲ್ಲಿ ಇಲಿಯೂ ಇಲ್ಲ. ಆ ಮೇಲಿನ ತಪಾಸಣೆಯನ್ನು ಬರೆದವರೂ ಭಾವನೇ. ಮೊದಲಿನ ಭಾವನಾಗಿದ್ದರೆ ಅರೆನಿಮಿಷದಲ್ಲಿ ಕಾಣುತ್ತಿತ್ತು. ಈಗ ಅವರಿಗೆ ಕಾಣುವುದು ಬೇಕಿರಲಿಲ್ಲ.

"ಹೇಗೆ?" ಅಂದರು.

ಅವಳು ಪುಟದ ಮೇಲಿಂದ ತಲೆಯೆತ್ತಲಿಲ್ಲ. ಹೂಂ ಅಂದರೆ ಸಾಕಿತ್ತು. ಸೋಮವಾರ ಭಾವ ಕೆಲಸಕ್ಕೆ ಹೋಗುತ್ತಾರೆ, ಅಕ್ಕ ಮೇಜಿನ ಮೇಲೆ ಊಟಕ್ಕೆ ಹಾಕುತ್ತಾಳೆ, ತನ್ನ ಗುಟ್ಟು ತನ್ನಲ್ಲೇ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಆ ಹೂಂ ಗಂಟಲಿನವರೆಗೆ ಬಂದಿತ್ತು ಕೂಡ.

"ಇರು, ಅದಕ್ಕೂ ಮೊದಲು ಇದನ್ನ ಓದು" ಎಂದು ಭಾವ ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದು, ಒಳಗಿನ ಮಡಿಸಿದ ಕಾಗದ ಕೊಟ್ಟರು. "ಎಲ್ಲಾದ್ರೂ ಕಾಗುಣಿತ ತಪ್ಪಿದ್ರೆ ಹೇಳು. ಇವತ್ತೇ ಅಂಚೆಗೆ ಹಾಕ್ಬೇಕು."

ಅದು ಆ ಹೆಂಗಸಿಗೆ ಬರೆದ ಪತ್ರ, ಕೈ ಮುರಿದುಕೊಂಡವಳಿಗೆ. 'ಆ ದಿನ ನಿಮ್ಮ ಕೈಗೆ ಪೆಟ್ಟಾದದ್ದು ನನ್ನ ತಪ್ಪಿನಿಂದ. ಯಾವ ತಪ್ಪು ಅಂತ ತಿಳಿಯದೆ ಕ್ಷಮೆ ಕೇಳುವುದು ಬರೀ ಬಾಯಿಮಾತಾಗುತ್ತದೆ ಅನ್ನಿಸಿ ಆರು ವರ್ಷ ನಿಮಗೆ ಬರೆಯಲಿಲ್ಲ. ಈಗ ತಿಳಿದಿದೆ. ನಾನು ಒಂದು ಚಿಹ್ನೆಯನ್ನು ಹೆಚ್ಚಾಗಿ ಬರೆದಿದ್ದೆ. ಅದನ್ನು ನೋಡಬೇಕಾಗಿತ್ತು, ನೋಡಲಿಲ್ಲ.' ಕೆಳಗೆ ಸಹಿ, ಮನೆಯ ವಿಳಾಸ.

ಕಾಗುಣಿತ ಎಲ್ಲೂ ತಪ್ಪಿರಲಿಲ್ಲ. ಸಣ್ಣಿ ಅದನ್ನು ಮೇಜಿನ ಮೇಲಿಟ್ಟಳು.

"ಇದನ್ನ ಹಾಕಬೇಡಿ ಭಾವ. ಇದು ನಿಮ್ಮ ತಪ್ಪಲ್ಲ. ನಂದು."

ಭಾವ ನಕ್ಕರು. "ಹೋಗೇ. ನನಗೆ ಸಮಾಧಾನ ಮಾಡೋಕೆ ಬಂದ್ಯಾ?"

"ಕ್ಯಾಮೆರಾದ ಪಟ್ಟಿ ಹದಿನೇಳು ಆಗ್ಬೇಕಿತ್ತು. ನಾನು ಬೆಲ್ಟಿನ ಸಾಲು ನಕಲು ಮಾಡಿ ಹದಿನಾರು ಅಂತ ಬಿಟ್ಟಿದ್ದೆ. ಡಮ್ಮಿ ಬೈಪಾಸಲ್ಲಿ ಓಡ್ತಿತ್ತು, ಅದಕ್ಕೇ ಗೊತ್ತಾಗ್ಲಿಲ್ಲ. ಆ ಮಂಗಳವಾರ ಮಧ್ಯಾಹ್ನಾನೇ ನೋಡಿದೆ. ನೋಡಿ ತಿದ್ದಿದೆ. ನಿಮ್ಮ ಹೊಸ ಡ್ರೈವರ್ ಜೊತೆಗೇ ಅದೂ ಹೋಯ್ತು. ಯಂತ್ರ ಸರಿಹೋಗಿದ್ದು ಅದರಿಂದ ಭಾವ, ನಿಮ್ಮ ಡ್ರೈವರಿಂದಲ್ಲ. ಹಳೇದರಲ್ಲಿ ಏನೂ ಇಲ್ಲ. ನೀವು ಸುತ್ತು ಹಾಕಿರೋದಕ್ಕಿಂತ ಹನ್ನೊಂದು ಸಾಲು ಮೇಲೆ ತಡೆ ಇದೆ, ನೋಡಿ. ಏನೂ ಇಲ್ಲ ಅದರಲ್ಲಿ. ಯಾವತ್ತೂ ಇರ್ಲಿಲ್ಲ."

ಆರು ವರ್ಷ ಹೊತ್ತದ್ದು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಭಾವ ಅಡಿಕೋಲನ್ನು ಪುಟದ ಮೇಲೆ ಹನ್ನೊಂದು ಸಾಲು ಮೇಲಕ್ಕೆ ಸರಿಸಿದರು. ಓದಿದರು. ಮತ್ತೆ ಓದಿದರು. ಆಮೇಲೆ ಕೆಲಸದ ಮೇಜಿನಲ್ಲಿ ಕೂತವರಂತೆ ಒಂದೊಂದೇ ಕೇಳತೊಡಗಿದರು. ಎರಡು ಪಟ್ಟಿಗಳಲ್ಲೂ ವಿಳಾಸ ಒಂದೇ ಕಡೆಯಿಂದ ಶುರುವಾಗುತ್ತಿತ್ತಾ? ಹೌದು. ಮೊದಲ ಏಳು ದಿನ ಯಾಕೆ ಏನೂ ಆಗಲಿಲ್ಲ? ಪಾರ್ಸೆಲ್ಲು ಕಡಿಮೆ ಇದ್ದವು, ಚಿತ್ರಗಳು ಬೆಲ್ಟು ಓದುವ ಜಾಗದವರೆಗೆ ಹೋಗುತ್ತಿರಲಿಲ್ಲ. ತಿದ್ದುಪಡಿಗೆ ಏನು ಕಾರಣ ಬರೆದೆ? ಸಣ್ಣಪುಟ್ಟ ಅಂತ. ಅವರು ತಲೆಯಾಡಿಸಿದರು. ಎಲ್ಲ ಕೂಡಿಕೊಂಡಿತು. ಆರು ವರ್ಷ ಕೂಡದೆ ಇದ್ದದ್ದು ಎರಡು ನಿಮಿಷದಲ್ಲಿ ಕೂಡಿಕೊಂಡಾಗ, ಒಂದು ಕ್ಷಣ ಅವರ ಮುಖದಲ್ಲಿ ಹಳೆಯ ಗೆಲುವು ಬಂದದ್ದನ್ನು ಸಣ್ಣಿ ಕಂಡಳು. ಅದು ಹೋದದ್ದನ್ನೂ ಕಂಡಳು.

"ಬೈಯಿರಿ ಭಾವ. ಹೊಡೀರಿ ಬೇಕಾದ್ರೆ" ಅಂದಳು. ಅಳು ತಡೆಯಲಾಗಲಿಲ್ಲ.

ಅವರು ಬೈಯಲಿಲ್ಲ. ಎದ್ದು ಗೋಡೆಯ ಕಪಾಟಿನಿಂದ ಒಂದು ದಪ್ಪ ನೋಟುಪುಸ್ತಕ ತಂದರು. ಅವಳು ಅದನ್ನು ಯಾವತ್ತೂ ನೋಡಿರಲಿಲ್ಲ.

"ಅನುಮಾನ ಬಂದದ್ದನ್ನೆಲ್ಲ ಬರೆದಿಟ್ಟಿದ್ದೀನಿ. ಒಂದೊಂದೇ ಪರೀಕ್ಷೆ ಮಾಡಿ ಹೊಡೆದುಹಾಕೋದು" ಎಂದರು. ಪುಟ ತಿರುವಿದರು. ನೂರಕ್ಕೂ ಮೇಲಿದ್ದವು, ಎಲ್ಲದಕ್ಕೂ ಸಂಖ್ಯೆ, ಎಲ್ಲದರ ಮುಂದೆ ಪರೀಕ್ಷೆಯ ಟಿಪ್ಪಣಿ. ಕ್ಯಾಮೆರಾ ತಯಾರಿಸಿದವರಿಗೆ ಒಂಬತ್ತು ಪತ್ರ ಬರೆದಿದ್ದರು. ಕರೆಂಟಿನ ಏರಿಳಿತವನ್ನು ಅಂಗಳದವರನ್ನು ಕೇಳಿ ತಿಳಿದುಕೊಂಡಿದ್ದರು. ಅರವತ್ತಮೂರನೆಯದು 'ನನ್ನ ಕಣ್ಣು': ಎರಡು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ತೊಂಬತ್ತೆಂಟನೆಯದು 'ನನ್ನ ತಲೆ': ಅದಕ್ಕೂ ಒಬ್ಬ ಡಾಕ್ಟರನ್ನು ಕಂಡು, ಮರೆವಿನ ಪರೀಕ್ಷೆ ಮಾಡಿಸಿಕೊಂಡು, ಅಂಕ ಬರೆದಿಟ್ಟಿದ್ದರು. ಅಕ್ಕನಿಗೂ ಇದು ಗೊತ್ತಿರಲಿಕ್ಕಿಲ್ಲ.

ಭಾವ ಮೊದಲ ಪುಟಕ್ಕೆ ಬಂದು, ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. ಮೊದಲ ದಿನವೇ ಬರೆದ ನಾಲ್ಕನೇ ಸಾಲು: 'ಟ್ರಾನ್ಸ್‌ಲೇಷನ್, ಪಟ್ಟಿಗಳ ಕಡತ.' ಅದನ್ನೂ ಹೊಡೆದುಹಾಕಿತ್ತು. ಮುಂದಿನ ಜಾಗದಲ್ಲಿ ಪರೀಕ್ಷೆಯ ವಿವರ ಏನೂ ಇರಲಿಲ್ಲ. 'ಸಣ್ಣಿ ನೋಡಿದ್ದಾಳೆ' ಎಂದಷ್ಟೇ ಬರೆದಿತ್ತು.

"ಇದೊಂದನ್ನೇ ನಾನು ತೆಗೆದು ನೋಡ್ಲಿಲ್ಲ" ಅಂದರು ಭಾವ. ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ. "ನನ್ನ ಕಣ್ಣನ್ನ ಅನುಮಾನಿಸಿದೆ, ತಲೇನ ಅನುಮಾನಿಸಿದೆ. ಇದನ್ನ ಅನುಮಾನಿಸಬೇಕು ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ."

ಅಕ್ಕ ಮೂರು ಲೋಟ ಟೀ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಟೀ ಮೇಲೆ ಕೆನೆ ಕಟ್ಟಿತ್ತು. ಅವಳು ತಂಗಿಯ ಕಡೆ ನೋಡಿದ ನೋಟದಲ್ಲಿ ಪ್ರಶ್ನೆ ಇರಲಿಲ್ಲ.

ಸಣ್ಣಿ ಎದ್ದಳು. ಚೀಲ ತೆಗೆದುಕೊಂಡಳು. ತಪ್ಪಾಯಿತು ಅನ್ನಲು ಬಾಯಿ ತೆರೆದಳು, ಆ ಮಾತು ಆ ನೋಟುಪುಸ್ತಕದ ಮುಂದೆ ಎಷ್ಟು ಚಿಕ್ಕದು ಅನ್ನಿಸಿ ಮುಚ್ಚಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಭಾವ ಹಿಂದಿನಿಂದ ಕರೆದರು.

"ಸಣ್ಣಿ. ಬರಬೇಡ ಅಂತ ಹೇಳ್ತಿಲ್ಲ ನಾನು. ಬಾ. ಆದ್ರೆ ಒಂದಷ್ಟು ದಿನ ಹೋಗ್ಲಿ."

"ಆಗ್ಲಿ ಭಾವ."

"ಆ ಪತ್ರ ತಗೊಂಡು ಹೋಗು. ವಿಳಾಸ ಲಕೋಟೆ ಮೇಲಿದೆ. ನೀನು ಬರಿ."

ಅವಳು ವಾಪಸು ಬಂದು ಮೇಜಿನ ಮೇಲಿಂದ ಪತ್ರವನ್ನೂ ಲಕೋಟೆಯನ್ನೂ ಎತ್ತಿಕೊಂಡಳು. ಭಾವ ಆಗಲೇ ಅಡಿಕೋಲು ಕೈಗೆತ್ತಿಕೊಂಡು ಹಳೆಯ ಕಂತೆಯ ಮೊದಲ ಪುಟ ತೆರೆದು, ಅದರಲ್ಲಿ ಏನೂ ಇಲ್ಲ ಎಂಬ ಅವಳ ಮಾತನ್ನೂ ಪರೀಕ್ಷಿಸುವವರಂತೆ ಓದುತ್ತಿದ್ದರು. ಇನ್ನು ಯಾಕೆ ಓದುತ್ತೀರಿ ಎಂದು ಕೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಕ್ಕ ಲೋಟಗಳನ್ನು ಅಲ್ಲೇ ನೆಲದ ಮೇಲಿಟ್ಟು, ಗಂಡನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತಳು.